ಕೊಟ್ಟುಬಿಡು ಅಂತಲೋ, ಬಾರಿಸು ಅಂತಲೋ?

ಪುಟ್ಟಿ, ಟೈಪ್ ಮಾಡೋಕೆ ಹೋದ್ರೆ ಮುಗಿಯಲ್ಲ, ಅದಕ್ಕೆ ಮಾತಲ್ಲೇ ಹೇಳ್ತೀನಿ, ಪೂರ್ತಿ ಕೇಳು. ‘ಲೆಟ್ ಹಿಮ್ ಹ್ಯಾವ್ ಇಟ್’ ಅಂದ್ರೇನು ಅಂತ ಕೇಳಿದ್ಯಲ್ಲ, ನಿಮ್ಮಪ್ಪ ‘ಅವನಿಗೆ ಕೊಟ್ಟುಬಿಡು’ ಅಂದ್ರು, ನಿಮ್ಮಣ್ಣ ‘ಅವನಿಗೆ ಬಾರಿಸು’ ಅಂದ. ಇಬ್ರೂ ಸರಿ ಕಣಮ್ಮ. ನಮ್ಮಲ್ಲೂ ‘ಅವನಿಗೊಂದು ಕೊಡು’ ಅಂದ್ರೆ ಕೈಗೂ ಆಗುತ್ತೆ, ಕೆನ್ನೆಗೂ ಆಗುತ್ತೆ.

ಆದ್ರೆ ಈ ನಾಲ್ಕು ಪದವನ್ನ ಹಗುರವಾಗಿ ತಗೋಬೇಡ. 1952ರ ನವೆಂಬರ್ 2ರ ರಾತ್ರಿ ಇಂಗ್ಲೆಂಡಿನ ಕ್ರಾಯ್ಡನ್‌ನಲ್ಲಿ ಇಬ್ಬರು ಹುಡುಗರು ಕಳ್ಳತನಕ್ಕೆ ಅಂತ ಒಂದು ಗೋದಾಮಿನ ಮಾಳಿಗೆ ಹತ್ತಿದ್ರು. ಡೆರೆಕ್ ಬೆಂಟ್ಲಿಗೆ 19, ಕ್ರಿಸ್ಟೋಫರ್ ಕ್ರೇಗ್‌ಗೆ 16. ಗನ್ ಇದ್ದಿದ್ದು ಕ್ರೇಗ್ ಕೈಲಿ. ಬೆಂಟ್ಲಿ ‘ಲೆಟ್ ಹಿಮ್ ಹ್ಯಾವ್ ಇಟ್, ಕ್ರಿಸ್’ ಅಂತ ಕೂಗಿದ ಅಂತ ಪೊಲೀಸರು ಸಾಕ್ಷಿ ಹೇಳಿದ್ರು. ಕ್ರೇಗ್ ಹಾರಿಸಿದ ಗುಂಡು ಮೊದಲು ಒಬ್ಬ ಪೊಲೀಸ್ ಅಧಿಕಾರಿಗೆ ತಗುಲಿತು, ಆಮೇಲೆ ಸಿಡ್ನಿ ಮೈಲ್ಸ್ ಅನ್ನೋ ಪೇದೆ ಸತ್ತರು. ಅಷ್ಟೊತ್ತಿಗೆ ಬೆಂಟ್ಲಿ ಪೊಲೀಸರ ಹಿಡಿತದಲ್ಲಿದ್ದ!

ಸರ್ಕಾರಿ ವಕೀಲರು ಆ ಮಾತಿಗೆ ‘ಗುಂಡು ಹೊಡಿ’ ಅಂತ ಅರ್ಥ ಮಾಡಿದ್ರು. ‘ಗನ್ ಪೊಲೀಸರಿಗೆ ಕೊಟ್ಟುಬಿಡು’ ಅಂತಲೂ ಅರ್ಥ ಆಗಬಹುದಿತ್ತಲ್ಲ ಅಂತ ಇವತ್ತಿಗೂ ಜನ ಕೇಳ್ತಾರೆ. ನಂಗೆ ತುಂಬ ಸಂಕಟ ಆಗೋದು ಇಲ್ಲೇ: ಬೆಂಟ್ಲಿ ಆ ಎರಡನೇ ಅರ್ಥವನ್ನ ಹಿಡ್ಕೊಳ್ಳೋ ಹಾಗೇ ಇರಲಿಲ್ಲ. ಯಾಕಂದ್ರೆ ಆ ಮಾತನ್ನ ನಾನು ಆಡೇ ಇಲ್ಲ ಅಂತಿದ್ದ, ಕ್ರೇಗ್ ಕೂಡ ಅದನ್ನೇ ಹೇಳಿದ. ಕ್ರೇಗ್‌ಗೆ 18 ತುಂಬಿರಲಿಲ್ಲ, ಗಲ್ಲು ತಪ್ಪಿತು. ಗುಂಡು ಹಾರಿಸದ ಬೆಂಟ್ಲಿಯನ್ನ 1953ರ ಜನವರಿ 28ಕ್ಕೆ ಗಲ್ಲಿಗೆ ಹಾಕಿದ್ರು. ಮನೆಯವರು ವರ್ಷಗಟ್ಟಲೆ ಹೋರಾಡಿದ ಮೇಲೆ, 1998ರಲ್ಲಿ ಮೇಲ್ಮನವಿ ಕೋರ್ಟು ಆ ತೀರ್ಪನ್ನೇ ರದ್ದು ಮಾಡಿತು. ಅಂದಿನ ವಿಚಾರಣೆ ನ್ಯಾಯವಾಗಿ ನಡೆದಿರಲಿಲ್ಲ ಅಂತ.

ಆ ವಾಕ್ಯದಲ್ಲಿ ತೊಡಕೆಲ್ಲ ಇರೋದು ಕೊನೇ ‘ಇಟ್’ನಲ್ಲಿ. ಅದು ಯಾವ ವಸ್ತು ಅಂತ ವಾಕ್ಯ ಹೇಳಲ್ಲ, ಹಿಂದಿನ ಮಾತು ಹೇಳಬೇಕು. ಯಾರ ಕೈಲಿ ಏನಿತ್ತು, ಅದಕ್ಕೆ ಮುಂಚೆ ಯಾರು ಏನು ಕೇಳಿದ್ರು, ಅದನ್ನ ನೋಡದೆ ಅರ್ಥ ಬರೀಬೇಡ. ನೀನೇ ಇಂಗ್ಲಿಷಲ್ಲಿ ಹೇಳೋವಾಗ ‘ಗಿವ್ ಇಟ್ ಟು ಹಿಮ್’ ಅಂದ್ರೂ ಇದೇ ಗೊಂದಲ ಬರಬಹುದು. ವಸ್ತುವಿನ ಹೆಸರು ಸೇರಿಸಿ ‘ಗಿವ್ ಹಿಮ್ ದ ಪೆನ್’ ಅನ್ನು, ಆಗ ಯಾರೂ ಬೇರೆ ಅರ್ಥ ಮಾಡಲ್ಲ.