ಇನ್ನೋವಾ ಕ್ರಿಸ್ಟಾ ಡೀಸೆಲ್: ಮೂರನೇ ಸಾಲಿನಲ್ಲಿ ದೊಡ್ಡವರು ಕೂರಬಹುದೇ?

ದಾವಣಗೆರೆಯವ:

ಮನೆಯಲ್ಲಿ ಏಳು ಜನ. ಅಪ್ಪ, ಅವ್ವ, ನಾವಿಬ್ಬರು, ಮಕ್ಕಳಿಬ್ಬರು ಮತ್ತು ತಂಗಿ. ಈಗಿರುವ ಸಣ್ಣ ಕಾರಿನಲ್ಲಿ ಧರ್ಮಸ್ಥಳಕ್ಕೆ ಹೊರಟರೆ ಇಬ್ಬರು ಬಸ್ಸಿನಲ್ಲಿ ಬರಬೇಕಾಗುತ್ತದೆ. ಇನ್ನೋವಾ ಕ್ರಿಸ್ಟಾ ಡೀಸೆಲ್, ಜಿಎಕ್ಸ್ ಮಾದರಿಯ ಮೇಲೆ ಮನಸ್ಸಾಗಿದೆ. ಕಚೇರಿಯಲ್ಲಿ ಮಾತ್ರ ಎಲ್ಲರದೂ ಒಂದೇ ರಾಗ, ಪೆಟ್ರೋಲ್ ಜೊತೆ ಬ್ಯಾಟರಿಯಲ್ಲೂ ಓಡುವ ಇನ್ನೋವಾ ಹೈಕ್ರಾಸ್ ಹೈಬ್ರಿಡ್ ತೆಗೆದುಕೊಳ್ಳಿ, ಡೀಸೆಲ್ ಕಾಲ ಮುಗಿಯಿತು ಎಂದು. ಮೂರನೇ ಸಾಲಿನಲ್ಲಿ ದೊಡ್ಡವರು ನಿಜಕ್ಕೂ ಕೂರಬಹುದೇ? ಅಪ್ಪನಿಗೆ ಮಂಡಿ ನೋವು, ಹತ್ತಿ ಇಳಿಯುವುದು ಹೇಗೆ? ಈಚೆಗೆ ಕೊಂಡವರು ಇದ್ದರೆ ದಯವಿಟ್ಟು ವಿವರವಾಗಿ ತಿಳಿಸಿ.

ಶಿರಸಿ ತೋಟದ ಮನೆ:

ನಮಸ್ಕಾರ. ನಾವು ಕೊಂಡದ್ದೂ ಅದೇ ಗಾಡಿ. ಜಿಎಕ್ಸ್, ಏಳು ಸೀಟಿನದು. ಮಳೆಗಾಲಕ್ಕೆ ಮೊದಲು ಮನೆಗೆ ಬಂತು, ಈಗ ತೋಟದಲ್ಲಿ ಅಡಿಕೆ ಕೊನೆ ಕೊಯ್ಲು ನಡೆಯುತ್ತಿದೆ. ಮನೆಯಲ್ಲಿ ಹೆಚ್ಚು ಓಡಿಸುವವಳು ನಾನೇ. ಹಿಂದೆ ಕೂರುವವರ ಮಾತು ದಿನವೂ ನನ್ನ ಕಿವಿಗೇ ಬೀಳುತ್ತದೆ.

ಮೂರನೇ ಸಾಲಿನಲ್ಲಿ ದೊಡ್ಡವರು ಖಂಡಿತ ಕೂರಬಹುದು. ಬೇರೆ ಎರಡು ಮೂರು ಗಾಡಿ ನೋಡಿದಾಗ ಹಿಂದಿನ ಸಾಲು ಮಕ್ಕಳಿಗೆ ಮಾತ್ರ ಎಂಬುದು ಕೂತ ಕೂಡಲೇ ತಿಳಿದಿತ್ತು, ಮಂಡಿ ಎದೆಯವರೆಗೆ ಬರುತ್ತಿತ್ತು. ನನ್ನ ಮೈದುನ ಆರಡಿ ಎತ್ತರದವನು. ಶಿರಸಿಯಿಂದ ಹುಬ್ಬಳ್ಳಿಯವರೆಗೆ ಕ್ರಿಸ್ಟಾದ ಹಿಂದಿನ ಸಾಲಿನಲ್ಲೇ ಕೂತು ಬಂದ. ಬರುವಾಗ ಮುಂದೆ ಕೂರು ಎಂದರೂ ಅಲ್ಲಿಗೇ ಹೋಗಿ ನಿದ್ದೆ ಮಾಡಿದ. ಗಾಡಿಯ ಚಾವಣಿಯಿಂದ ಗಾಳಿ ಬೀಸುವ ಎಸಿ ಕಿಂಡಿಗಳು ಹಿಂದಿನ ಎರಡೂ ಸಾಲಿಗೆ ಇವೆ, ಅದರ ವೇಗ ಹೆಚ್ಚು ಕಡಿಮೆ ಮಾಡುವ ಗುಂಡಿಯೂ ಹಿಂದಿನವರ ಕೈಗೆ ಸಿಗುತ್ತದೆ. ಹುಬ್ಬಳ್ಳಿಯ ಬಿಸಿಲಿನಲ್ಲಿ ಇದರ ಬೆಲೆ ಗೊತ್ತಾಗುತ್ತದೆ.

ಆದರೆ ಏಳು ಜನ ಕೂತ ಮೇಲೆ ಸಾಮಾನಿಗೆ ಉಳಿಯುವ ಜಾಗ ಕಡಿಮೆ. ಎರಡು ಸೂಟ್‌ಕೇಸ್ ನಿಲ್ಲಿಸಿ, ಮೇಲೆ ಒಂದೆರಡು ಕೈಚೀಲ ತುರುಕಬಹುದು, ಅಷ್ಟೇ. ಹಿಂದಿನ ಸೀಟುಗಳನ್ನು ಒಂದೊಂದಾಗಿ ಮಡಚಿ ಪಕ್ಕಕ್ಕೆ ಎತ್ತಿ ಕಟ್ಟುವ ವ್ಯವಸ್ಥೆ ಇರುವುದರಿಂದ, ಐದು ಜನ ಹೊರಟಾಗ ಒಂದು ಬದಿಯನ್ನು ಪೂರ್ತಿ ಸಾಮಾನಿಗೆ ಬಿಡುತ್ತೇವೆ. ಏಳು ಜನ ನಾಲ್ಕು ದಿನದ ಪ್ರವಾಸಕ್ಕೆ ಹೊರಟರೆ ಮೇಲೆ ಕ್ಯಾರಿಯರ್ ಬೇಕೇ ಬೇಕು.

ಇನ್ನು ನಿಮ್ಮ ಅಪ್ಪನವರ ಮಂಡಿ. ಈ ಗಾಡಿ ಲಾರಿ, ಜೀಪುಗಳಂತೆ ಚಾಸಿಯ, ಅಂದರೆ ಅಡಿಯ ಉಕ್ಕಿನ ಚೌಕಟ್ಟಿನ ಮೇಲೆ ಕಟ್ಟಿದ್ದು. ಅದರಿಂದ ನೆಲ ಎತ್ತರದಲ್ಲಿದೆ. ನಮ್ಮ ಮಾವನವರಿಗೆ ಒಂದು ಮಂಡಿಯ ಶಸ್ತ್ರಚಿಕಿತ್ಸೆ ಆಗಿದೆ, ಮೊದಲ ವಾರ ಹತ್ತುವಾಗ ಬಹಳ ಕಷ್ಟಪಟ್ಟರು. ಬದಿಗೆ ಮೆಟ್ಟಿಲು ಹಾಕಿಸಿದ ಮೇಲೆ ಸುಲಭವಾಗಿದೆ. ಬಾಗಿಲ ಪಕ್ಕದ ಕಂಬದ ಹಿಡಿಕೆ ಹಿಡಿದು ಮೆಟ್ಟಿಲ ಮೇಲೆ ನಿಲ್ಲುತ್ತಾರೆ, ಮೊದಲು ಸೀಟಿಗೆ ಒರಗಿ ಕೂತು ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ ತೆಗೆದುಕೊಳ್ಳುತ್ತಾರೆ. ಅವರ ಜಾಗ ನಡುವಿನ ಸಾಲಿನ ಎಡಗಡೆ ಸೀಟು. ಎರಡೂ ಬದಿಗೆ ಕೈ ಊರಲು ಆಸರೆ ಇದೆ, ಬೆನ್ನನ್ನು ಹಿಂದಕ್ಕೆ ವಾಲಿಸಬಹುದು. ಆಸ್ಪತ್ರೆಗೆ ಹೋಗಿ ಬರುವ ದಿನ ಅವರ ಮುಖದಲ್ಲಿ ಮೊದಲಿನ ಆಯಾಸ ಕಾಣುವುದಿಲ್ಲ. ನನಗೆ ಈ ಗಾಡಿಯ ಮೇಲೆ ಅಕ್ಕರೆ ಹುಟ್ಟಿದ್ದೇ ಅದರಿಂದ. ಅವರನ್ನು ಮೂರನೇ ಸಾಲಿಗೆ ಮಾತ್ರ ಕಳುಹಿಸಬೇಡಿ. ಅಲ್ಲಿ ಕೂರುವುದು ಸುಖ, ನುಸುಳುವುದು ಮಂಡಿ ಗಟ್ಟಿ ಇದ್ದವರ ಕೆಲಸ.

ಓಡಿಸುವವರ ಪಾಡು ಬೇರೆ. ಸ್ಟೀರಿಂಗ್ ಹೈಡ್ರಾಲಿಕ್ ಆದ್ದರಿಂದ ನಿಧಾನಕ್ಕೆ ತಿರುಗಿಸುವಾಗ ಭಾರ. ಕ್ಲಚ್ ಕೂಡ ಮೃದುವಲ್ಲ. ಆಟೊಮ್ಯಾಟಿಕ್ ಈಗ ಸಿಗುವುದಿಲ್ಲ, ಐದು ಗೇರಿನ ಮ್ಯಾನುವಲ್ ಮಾತ್ರ. ಅಗಲ 1,830 ಮಿ.ಮೀ., ಉದ್ದ 4,735 ಮಿ.ಮೀ. ಶಿರಸಿಯ ಪೇಟೆಯಲ್ಲಿ ಸಂಜೆ ಹೊತ್ತು ಇದನ್ನು ಹೊರಳಿಸುವುದೆಂದರೆ ತೋಳಿಗೆ ಕೆಲಸ. ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ ಊರ ಹೊರಗೇ ನಿಲ್ಲಿಸಿ ನಡೆದು ಹೋಗುತ್ತೇವೆಂದು ಈಗಲೇ ತೀರ್ಮಾನಿಸಿದ್ದೇವೆ.

ಘಟ್ಟಕ್ಕೆ ಬಂದರೆ ಇದೇ ಗಾಡಿ ಮನಸ್ಸು ಗೆಲ್ಲುತ್ತದೆ. 2,393 ಸಿಸಿ ಎಂಜಿನ್, 150 ಪಿಎಸ್ ಶಕ್ತಿ. ಅದಕ್ಕಿಂತ ಮುಖ್ಯವಾದದ್ದು 343 ಎನ್ಎಂ ಎಳೆತ, ಅದೂ ಎಂಜಿನ್ ನಿಮಿಷಕ್ಕೆ 1,400 ಸುತ್ತು ತಿರುಗುವಾಗಿನಿಂದಲೇ ಸಿಗುತ್ತದೆ. ಕುಮಟಾದಿಂದ ದೇವಿಮನೆ ಘಟ್ಟ ಹತ್ತುವಾಗ ಗಾಡಿ ತುಂಬ ಜನರಿದ್ದರೂ ತಿರುವಿನಿಂದ ಹೊರಬಂದ ಕೂಡಲೇ ಎಂಜಿನ್ ಒದ್ದಾಡದೆ ಎಳೆದುಕೊಂಡು ಹೋಗುತ್ತದೆ. ಘಟ್ಟದಲ್ಲಿ ನಾನು ಪವರ್ ಗುಂಡಿ ಒತ್ತಿಕೊಳ್ಳುತ್ತೇನೆ. ಇಂಧನ ಉಳಿಸುವ ಇಕೋದಲ್ಲಿಟ್ಟರೆ ಪೆಡಲ್ ಒತ್ತಿದ್ದಕ್ಕೆ ಉತ್ತರ ತಡವಾಗಿ ಬರುತ್ತದೆ, ಓವರ್‌ಟೇಕ್ ಮಾಡುವಾಗ ಆ ತಡ ನನಗೆ ಒಪ್ಪಿಗೆಯಾಗುವುದಿಲ್ಲ. ಸದ್ದು ಇದೆ. ಬೆಳಗಿನ ಚಳಿಯಲ್ಲಿ ಶುರು ಮಾಡಿದಾಗ ಡೀಸೆಲ್ ಎಂದು ಅಕ್ಕಪಕ್ಕದವರಿಗೂ ತಿಳಿಯುತ್ತದೆ. ಐದನೇ ಗೇರಿನಲ್ಲಿ ಎಂಬತ್ತು, ತೊಂಬತ್ತರಲ್ಲಿ ಸಾಗುವಾಗ ಮಾತ್ರ ಹಿಂದಿನವರೊಡನೆ ಸಾಮಾನ್ಯ ದನಿಯಲ್ಲೇ ಮಾತನಾಡಬಹುದು.

ಒಬ್ಬರೇ ಹೋಗುವಾಗ ಹಿಂಭಾಗ ಕುಲುಕುತ್ತದೆ. ಜನ ತುಂಬಿದಷ್ಟೂ ಗಾಡಿ ನೆಲಕ್ಕೆ ಅಂಟಿಕೊಂಡು ಸಮನಾಗಿ ಹೋಗುತ್ತದೆ. ಇನ್ನೊಂದು ವಿಷಯವನ್ನು ಮಳಿಗೆಯಲ್ಲಿ ಯಾರೂ ಹೇಳುವುದಿಲ್ಲ. ಇದು ಹಿಂದಿನ ಚಕ್ರಗಳಿಂದ ತಳ್ಳುವ ಗಾಡಿ. ನಮ್ಮ ಮನೆಗೆ ಹತ್ತುವ ದಾರಿ ಜಂಬಿಟ್ಟಿಗೆ ಮಣ್ಣಿನದು, ಆಷಾಢದ ಮಳೆಯಲ್ಲಿ ಪಾಚಿಗಟ್ಟಿ ಜಾರುತ್ತದೆ. ಖಾಲಿ ಗಾಡಿಯಾದರೆ ಹಿಂದಿನ ಚಕ್ರ ನಿಂತಲ್ಲೇ ಸುತ್ತುತ್ತದೆ. ಹಿಂದೆ ಎರಡು ಚೀಲ ಅಡಿಕೆ ಇದ್ದರೆ ತೊಂದರೆಯಿಲ್ಲದೆ ಹತ್ತುತ್ತದೆ. ದಾವಣಗೆರೆಯ ಡಾಂಬರು ರಸ್ತೆಯಲ್ಲಿ ನಿಮಗೆ ಈ ಚಿಂತೆ ಬಾರದು. ಮಲೆನಾಡಿನಿಂದ ಇದನ್ನು ಓದುತ್ತಿರುವವರು ಮನೆಯ ಏರನ್ನು ಒಮ್ಮೆ ನೆನಪಿಸಿಕೊಳ್ಳಲಿ.

ನಮಗೆ ಎಲ್ಲ ಸೇರಿ ಲೀಟರಿಗೆ ಹನ್ನೆರಡು ಕಿಲೋಮೀಟರಿನ ಆಸುಪಾಸು ಬರುತ್ತಿದೆ, ಹುಬ್ಬಳ್ಳಿ ರಸ್ತೆಯಲ್ಲಿ ಹದಿನಾಲ್ಕು ದಾಟುತ್ತದೆ. ಟ್ಯಾಂಕ್ 55 ಲೀಟರಿನದು.

ಹಣದ ಲೆಕ್ಕ ಹಾಕುವಾಗ ಮಳಿಗೆಯ ಬೆಲೆ ನೋಡಿ ನಿಲ್ಲಬೇಡಿ. ನಮ್ಮ ರಾಜ್ಯದಲ್ಲಿ 20 ಲಕ್ಷ ದಾಟಿದ ಕಾರಿಗೆ ಆಜೀವ ತೆರಿಗೆ ಶೇ. 18, ಅದರ ಮೇಲೆ ಸೆಸ್. ಹತ್ತು ಲಕ್ಷ ಮೀರಿದ ವಾಹನಕ್ಕೆ ಶೇ. 1ರಷ್ಟು ಟಿಸಿಎಸ್, ಅಂದರೆ ಮಾರುವವರೇ ಮುಂಗಡವಾಗಿ ವಸೂಲು ಮಾಡುವ ಆದಾಯ ತೆರಿಗೆ, ಹಿಡಿಯುತ್ತಾರೆ. ಇದು ನಿಮ್ಮ ಪ್ಯಾನ್ ಖಾತೆಗೆ ಸೇರುವ ಹಣ. ಆದಾಯ ತೆರಿಗೆ ವಿವರಣೆ (ರಿಟರ್ನ್) ಸಲ್ಲಿಸುವಾಗ ತೋರಿಸಿದರೆ ತೆರಿಗೆಯಲ್ಲಿ ವಜಾ ಆಗುತ್ತದೆ, ಇಲ್ಲವೇ ಮರಳಿ ಬರುತ್ತದೆ. ನಮ್ಮ ಕಡೆ ಕೃಷಿ ಆದಾಯದವರು ವಿವರಣೆಯನ್ನೇ ಸಲ್ಲಿಸದೆ ಇದನ್ನು ಬಿಟ್ಟುಬಿಡುತ್ತಾರೆ, ನೋಡಿದರೆ ಸಂಕಟವಾಗುತ್ತದೆ. ವಿಮೆಯನ್ನು ಮಳಿಗೆಯಲ್ಲೇ ಮಾಡಿಸಬೇಕೆಂಬ ಕಡ್ಡಾಯವೂ ಇಲ್ಲ. ನಾವು ಮೊದಲು ಹೋದ ಮಳಿಗೆಯಲ್ಲಿ ಹಾಗೆಂದು ಒತ್ತಾಯಿಸಿದರು, ಎದ್ದು ಇನ್ನೊಂದು ಕಡೆಗೆ ಹೋದೆವು.

ಮಂಗಳೂರು ಟ್ಯಾಕ್ಸಿ:

ಅಕ್ಕ ಬರೆದದ್ದು ಸರಿಯಾಗಿದೆ. ನಾನು ಕ್ವಾಲಿಸ್ ಕಾಲದಿಂದ ಓಡಿಸುತ್ತಿದ್ದೇನೆ. 2000ದಲ್ಲಿ ಬಿಡದಿಯ ಕಾರ್ಖಾನೆಯಿಂದ ಕ್ವಾಲಿಸ್ ಬಂತು, 2005ರಲ್ಲಿ ಇನ್ನೋವಾ, 2016ರಲ್ಲಿ ಕ್ರಿಸ್ಟಾ. ಹಳೆಯ ಇನ್ನೋವಾದ 2,494 ಸಿಸಿ ಎಂಜಿನ್ನಿಗೆ ಟೈಮಿಂಗ್ ಬೆಲ್ಟ್ ಇತ್ತು, ಕಾಲಕ್ಕೆ ಸರಿಯಾಗಿ ಬದಲಿಸಲೇಬೇಕಿತ್ತು. ಕ್ರಿಸ್ಟಾಕ್ಕೆ ಚೈನ್ ಇದೆ, ಆ ಚಿಂತೆ ಇಲ್ಲ.

ದಾವಣಗೆರೆಯವರಿಗೆ ಒಂದು ಪ್ರಶ್ನೆ. ದಿನಾ ಎಷ್ಟು ದೂರ ಓಡಿಸುತ್ತೀರಿ? ಬಿಎಸ್-6 ಹೊಗೆ ನಿಯಮದ ಡೀಸೆಲ್ ಗಾಡಿಗೆ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಸೋಸುಕ ಇರುತ್ತದೆ. ತುಂಬಿದ ಮಸಿಯನ್ನು ಅದು ತಾನೇ ಸುಟ್ಟುಕೊಳ್ಳಬೇಕು. ಅದಕ್ಕೆ ಸುಮಾರು 600 ಡಿಗ್ರಿ ಕಾವು ಬೇಕು, ಆ ಕಾವಿಗೆ ನಿಲ್ಲದ ಓಟ ಬೇಕು. ಸುಡುವಾಗಲೇ ಎಂಜಿನ್ ನಿಲ್ಲಿಸಿಬಿಟ್ಟರೆ ಮಸಿ ಉಳಿಯುತ್ತದೆ, ಮತ್ತೆ ಮತ್ತೆ ಹಾಗಾದರೆ ಡೀಸೆಲ್ ಇಳಿದು ಎಂಜಿನ್ ಆಯಿಲ್‌ಗೂ ಸೇರುತ್ತದೆ. ನಮ್ಮ ಟ್ಯಾಕ್ಸಿಗಳಿಗೆ ಈ ತೊಂದರೆ ಕಡಿಮೆ, ದಿನಾ ಹೆದ್ದಾರಿಯಲ್ಲೇ ಇರುತ್ತವೆ. ಆಯಿಲ್ ಕೂಡ ಕೈಪಿಡಿಯಲ್ಲಿ ಹೇಳಿದ ಕಡಿಮೆ ಬೂದಿಯದನ್ನೇ ಹಾಕಿಸಿ, ಅಗ್ಗದ್ದು ಬೇಡ.

ದಾವಣಗೆರೆಯವ:

ಇಬ್ಬರಿಗೂ ಧನ್ಯವಾದ. ದಿನಾ ಮಕ್ಕಳ ಶಾಲೆಗೆ ಮೂರು ಕಿಲೋಮೀಟರ್, ಅಲ್ಲಿಂದ ಕಚೇರಿ ಎರಡು ಕಿಲೋಮೀಟರ್. ಸಂಜೆ ಅದೇ ದಾರಿಯಲ್ಲಿ ವಾಪಸ್. ದೂರದ ಪ್ರಯಾಣ ಹಬ್ಬ, ಮದುವೆ, ಬೇಸಿಗೆ ರಜೆಗೆ. ಹಳೆಯ ಸಣ್ಣ ಕಾರನ್ನು ವಿನಿಮಯಕ್ಕೆ ಕೊಟ್ಟು ಇದನ್ನು ಕೊಳ್ಳುವ ಯೋಚನೆ ಇತ್ತು.

ಶಿರಸಿ ತೋಟದ ಮನೆ:

ಹಾಗಿದ್ದರೆ ಆ ವಿನಿಮಯ ಮಾತ್ರ ಬೇಡ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಮೂರು ಕಿಲೋಮೀಟರಿನಲ್ಲಿ ಈ ಎಂಜಿನ್ ಸರಿಯಾಗಿ ಬಿಸಿಯೂ ಆಗುವುದಿಲ್ಲ. ನಮ್ಮ ಮನೆಯಿಂದ ಪೇಟೆಗೇ ಹದಿನೆಂಟು ಕಿಲೋಮೀಟರ್, ಹುಬ್ಬಳ್ಳಿ ನೂರಕ್ಕೂ ಹೆಚ್ಚು. ಅದಕ್ಕೇ ಡೀಸೆಲ್ ನಮಗೆ ಹೊಂದುತ್ತದೆ. ನಿಮ್ಮ ದಿನದ ಓಡಾಟಕ್ಕೆ ಸಣ್ಣ ಪೆಟ್ರೋಲ್ ಕಾರನ್ನೇ ಇಟ್ಟುಕೊಂಡು, ಕ್ರಿಸ್ಟಾವನ್ನು ಎಲ್ಲರೂ ಒಟ್ಟಿಗೆ ಹೊರಡುವ ದಿನಕ್ಕೆ ಇಡಲು ಸಾಧ್ಯವಿದ್ದರೆ ಕಣ್ಣುಮುಚ್ಚಿ ಕೊಳ್ಳಿ. ಭಾನುವಾರ ಒಮ್ಮೆ ಹರಿಹರದ ಆಚೆಗೆ ಹೆದ್ದಾರಿಯಲ್ಲಿ ಅರ್ಧ ಗಂಟೆ ನಿಲ್ಲಿಸದೆ ಓಡಿಸಿ ಬನ್ನಿ, ಸೋಸುಕಕ್ಕೆ ಒಳ್ಳೆಯದು.

ಮನೆಯಲ್ಲಿ ಒಂದೇ ಕಾರಿಗೆ ಜಾಗವೆಂದಾದರೆ ನಿಮ್ಮ ಕಚೇರಿಯವರ ಮಾತೇ ಸರಿ. ಹೈಕ್ರಾಸ್ ಹೈಬ್ರಿಡ್ ಪೇಟೆಯ ಗಾಡಿ, ನಿಂತು ಹೊರಡುವ ಕಡೆ ಬ್ಯಾಟರಿಯ ಮೇಲೆ ನಡೆಯುತ್ತದೆ, ಗೇರ್ ಹಾಕುವ ಕೆಲಸವಿಲ್ಲ. ಕಂಪನಿ ಲೀಟರಿಗೆ 23.24 ಕಿ.ಮೀ. ಎನ್ನುತ್ತದೆ. ರಸ್ತೆಯಲ್ಲಿ ಅಷ್ಟು ಬಾರದಿದ್ದರೂ ಪೇಟೆಯಲ್ಲಿ ಕ್ರಿಸ್ಟಾ ಅದರ ಹತ್ತಿರಕ್ಕೂ ಸುಳಿಯುವುದಿಲ್ಲ. ಹೈಕ್ರಾಸ್‌ಗೆ ಬೇರೆ ಚಾಸಿ ಇಲ್ಲ, ಹೀಗಾಗಿ ಅಪ್ಪನವರಿಗೆ ಹತ್ತಲು ಯಾವುದು ಹಗುರ ಎಂಬುದನ್ನು ಅವರನ್ನೇ ಕೂರಿಸಿ ನೋಡಬೇಕು.

ಪರೀಕ್ಷೆಗೆ ಗಾಡಿ ಓಡಿಸಲು ಹೋಗುವಾಗ ಏಳು ಜನವೂ ಹೋಗಿ. ಒಬ್ಬರೇ ಹೋಗಿ ಮುಂದಿನ ಸೀಟಿನಲ್ಲಿ ಕೂತು ಬಂದರೆ ಏನೂ ತಿಳಿಯುವುದಿಲ್ಲ. ತಂಗಿಯನ್ನು ಮೂರನೇ ಸಾಲಿನಲ್ಲಿ ಕೂರಿಸಿ, ಅಪ್ಪನವರನ್ನು ಎರಡು ಸಲ ಹತ್ತಿಸಿ ಇಳಿಸಿ. ಹೊರಡುವ ಮೊದಲು ನಿಮ್ಮ ಗೇಟಿನ ಅಗಲ ಅಳೆದುಕೊಳ್ಳಿ. ಕನ್ನಡಿಗಳನ್ನು ಬಿಟ್ಟು 1,830 ಮಿ.ಮೀ., ಅಂದರೆ ಆರು ಅಡಿ ಗಾಡಿಗೇ ಹೋಗುತ್ತದೆ. ಬಾಗಿಲು ತೆಗೆದು ಇಳಿಯಲು ಇನ್ನೆರಡು ಅಡಿಯಾದರೂ ಬೇಕು.