ಗೊಹನ್ ಅಂದ್ರೆ ಅನ್ನವೋ, ಊಟವೋ?

ಪ್ರಶ್ನೆ: 'ಊಟ ಮಾಡಿದೆ' ಅನ್ನೋದಕ್ಕೆ ಜಪಾನಿಯಲ್ಲಿ 'ಶೊಕುಜಿ ಒ ತಬೆಮಶಿತ' ಅಂತ ಬರೆದೆ, ಟೀಚರ್ ಗೆರೆ ಎಳೆದರು. ನಿಘಂಟಿನಲ್ಲಿ ಗೊಹನ್, ಶೊಕುಜಿ, ಮೆಶಿ ಮೂರಕ್ಕೂ ಊಟ ಅಂತಲೇ ಇದೆ. ಯಾವುದನ್ನ ಎಲ್ಲಿ ಬಳಸಬೇಕು ಮೇಡಂ?

ಉತ್ತರ (ಜಪಾನಿ ಅನುವಾದಕಿ): ತಪ್ಪಿರೋದು ಕ್ರಿಯಾಪದದಲ್ಲಿ. ತಬೆರು ಅಂದರೆ ತಿನ್ನು. ಅದರ ಜೋಡಿ ಗೊಹನ್. ಶೊಕುಜಿ ಅನ್ನೋದರಲ್ಲೇ ತಿನ್ನುವ ಕೆಲಸ ಸೇರಿಕೊಂಡಿದೆ, ಅದಕ್ಕೆ ಸುರು (ಮಾಡು) ಸಾಕು, 'ಮಾಡಿದೆ' ಅನ್ನುವಾಗ ಅದು ಶಿಮಶಿತ ಆಗುತ್ತೆ. 'ಗೊಹನ್ ಒ ತಬೆಮಶಿತ' ಅಥವಾ 'ಶೊಕುಜಿ ಒ ಶಿಮಶಿತ' ಅನ್ನಿ.

ಮನೆ, ಸ್ನೇಹಿತರ ಮಾತಿಗೆ ಗೊಹನ್. ಶೊಕುಜಿ ಸ್ವಲ್ಪ ಗಂಭೀರ: ಆಫೀಸು, ಆಸ್ಪತ್ರೆ, ಆಮಂತ್ರಣ. ಮೇಲಧಿಕಾರಿಗೆ 'ಊಟ ಆಯ್ತಾ ಸರ್' ಅನ್ನಬೇಕಾದರೆ 'ಒಶೊಕುಜಿ ವ ಒಸುಮಿ ದೆಸು ಕ'. ಮೆಶಿ ಹೆಚ್ಚಾಗಿ ಗಂಡಸರು ಗೆಳೆಯರ ನಡುವೆ ಆಡೋ ಒರಟು ಮಾತು. ಅರ್ಥವಾದರೆ ಸಾಕು, ಕಲಿಯುವವರು ಬಾಯಿಗೆ ತಂದುಕೊಳ್ಳಬೇಡಿ.

ಇನ್ನು ಅನ್ನದ ವಿಷಯ. ಗದ್ದೆಯ ಪೈರು ಇನೆ, ಅಕ್ಕಿ ಕೊಮೆ, ಬೆಂದರೆ ಗೊಹನ್. ಅದೇ ಅನ್ನವನ್ನ ಪಾಶ್ಚಾತ್ಯ ಶೈಲಿಯ ಹೋಟೆಲಲ್ಲಿ ತಟ್ಟೆಗೆ ಹಾಕಿ ಕೊಟ್ಟರೆ ರೈಸು! ಗೊಹನ್‌ಗೆ ಎರಡು ಅರ್ಥ ಇರೋದು ನಮಗೇನೂ ಹೊಸದಲ್ಲ. 'ಅನ್ನ ಕೊಟ್ಟ ಧಣಿ' ಅನ್ನುವಾಗ ನಮ್ಮ ಅನ್ನವೂ ಬರೀ ಅನ್ನವಲ್ಲ.

ಪ್ರಶ್ನೆ: ಹಾಗಾದ್ರೆ ಬೆಳಗ್ಗೆ ಇಡ್ಲಿ ತಿಂದರೆ? ಅದು ತಿಂಡಿ ತಾನೇ, ಒಯತ್ಸು ಅನ್ನಬಹುದಾ?

ಉತ್ತರ: ಬೇಡ. ಕನ್ನಡದವರು ಎಡವೋದು ಇಲ್ಲೇ. ಒಯತ್ಸು ಅಂದರೆ ಮಧ್ಯಾಹ್ನ ಮೂರರ ಹೊತ್ತಿನ ಕುರುಕು. ಸಂಜೆ ಬಜ್ಜಿಗೆ ಬೇಕಾದರೆ ಹೇಳಿ. ಬೆಳಗಿನದು ಇಡ್ಲಿಯಾಗಲಿ, ಬರೀ ಬ್ರೆಡ್ಡಾಗಲಿ, ಅಸಗೊಹನ್. 'ಅಸಗೊಹನ್ ವ ಪನ್ ದೆಸು' (ಬೆಳಗಿನ ಊಟ ಬ್ರೆಡ್ಡು) ಅಲ್ಲಿ ಸಹಜವಾದ ಮಾತು. ಮಧ್ಯಾಹ್ನದ್ದು ಹಿರುಗೊಹನ್, ರಾತ್ರಿಯದು ಬನ್‌ಗೊಹನ್ ಅಥವಾ ಯೂಗೊಹನ್. ಈ ಕೊನೆಯ ಎರಡರಲ್ಲಿ ಯಾವುದಾದರೂ ಸರಿ.

ಬರಹದಲ್ಲಿ ಇವೇ ಚೋಶೊಕು, ಚೂಶೊಕು, ಯೂಶೊಕು ಆಗುತ್ತವೆ. ಚೋ, ಚೂ ಫೋನಿನಲ್ಲಿ ಒಂದೇ ಥರ ಕೇಳಿಸಬಹುದು, ಹಾಗಾಗಿ ಮಾತಲ್ಲಿ ಹಿರುಗೊಹನ್ ಅಥವಾ 'ಒಹಿರು' ಅಂದುಬಿಡಿ. ರೂಮ್ ಬುಕ್ ಮಾಡುವಾಗ ಮಾತ್ರ ಬರಹದ ರೂಪ ಗೊತ್ತಿರಲೇಬೇಕು: 'ಚೋಶೊಕು ತ್ಸುಕಿ' ಇದ್ದರೆ ಬೆಳಗಿನ ತಿಂಡಿ ಸೇರಿದೆ, 'ಇಪ್ಪಕು ನಿಶೊಕು' ಅಂದರೆ ಒಂದು ರಾತ್ರಿ, ರಾತ್ರಿಯೂಟ ಮತ್ತು ಬೆಳಗಿನದು. 'ಸುದೊಮರಿ' ಅಂತ ಇದ್ದರೆ ಮಲಗೋಕೆ ಜಾಗ ಅಷ್ಟೇ, ಊಟ ಇಲ್ಲ.

ಪ್ರಶ್ನೆ: ನಮ್ಮ ಅಣ್ಣ ತೋಕ್ಯೋದಲ್ಲಿದ್ದಾನೆ. ಮಾತ್ರೆ ಲಕೋಟೆ ಮೇಲೆ 'ಶೊಕ್ಕನ್' ಅಂತ ಇದೆಯಂತೆ. ಊಟದ ಮಧ್ಯೆ ನುಂಗಬೇಕಾ?

ಉತ್ತರ: ಅಲ್ಲ! ಜಪಾನೀಯರೂ ತಪ್ಪು ತಿಳಿಯೋ ಪದ ಇದು. ಕನ್ ಅಂದರೆ ನಡುವೆ, ಅಂದರೆ ಒಂದು ಊಟಕ್ಕೂ ಇನ್ನೊಂದಕ್ಕೂ ನಡುವೆ. ಉಂಡು ಸುಮಾರು 2 ಗಂಟೆ ಆದ ಮೇಲೆ ತಗೋಬೇಕು. ಶೊಕುಜೆನ್ ಇದ್ದರೆ ಊಟಕ್ಕೆ 20-30 ನಿಮಿಷ ಮುಂಚೆ, ಶೊಕುಗೊ ಇದ್ದರೆ ಉಂಡ 30 ನಿಮಿಷದೊಳಗೆ. ಯಾವ ಮಾತ್ರೆ ಅಂತ ಗೊತ್ತಿಲ್ಲದೆ ಇದಕ್ಕಿಂತ ಹೆಚ್ಚು ಹೇಳಲ್ಲ, ಕೊಟ್ಟ ಔಷಧಿ ಅಂಗಡಿಯಲ್ಲೇ ಒಮ್ಮೆ ಕೇಳಲಿ.