ವಿಡಿಯೋದಲ್ಲಿ ನಗುವ ಮುಖ, ನಿಲ್ಲಿಸಿದ ತಕ್ಷಣ ಯಾಕೆ ವಿಚಿತ್ರವಾಗಿ ಕಾಣುತ್ತದೆ?

ಅಡಿಕೆತೋಟ:
ಮದುವೆ ವಿಡಿಯೋದಿಂದ ಅಕ್ಕನ ಒಂದು ಒಳ್ಳೆ ಫೋಟೋ ತೆಗೆಯಲು ಕೂತಿದ್ದೇನೆ. ವಿಡಿಯೋ ಓಡುವಾಗ ಅವಳು ಮನಸಾರೆ ನಗುತ್ತಿದ್ದಾಳೆ. ನಿಲ್ಲಿಸಿ ನೋಡಿದರೆ ಒಂದು ಕಡೆ ಅಳುವ ಹಾಗೆ, ಇನ್ನೊಂದು ಕಡೆ ಸಿಟ್ಟು ಬಂದ ಹಾಗೆ! ವಿಡಿಯೋ ಅಂದರೂ ಇವೇ ಚಿತ್ರಗಳು ಒಂದರ ಹಿಂದೆ ಒಂದು ಬರುವುದು ತಾನೆ? ಹಾಗಾದರೆ ಆ ನಗು ಎಲ್ಲಿತ್ತು?

ತುಂಗಾತೀರ:
ಇದು ನಿಮ್ಮ ಅಕ್ಕನಿಗೆ ಮಾತ್ರ ಆಗುವುದಲ್ಲ. 2012ರಲ್ಲಿ ಅಮೆರಿಕದ ಸಂಶೋಧಕರು ಇದನ್ನೇ ಪರೀಕ್ಷಿಸಿದರು. ಅದೇ ವ್ಯಕ್ತಿಯ ವಿಡಿಯೋ, ಅದೇ ವಿಡಿಯೋದಿಂದ ತೆಗೆದ ಬಿಡಿ ಚಿತ್ರಗಳು, ಎರಡನ್ನೂ ತೋರಿಸಿದರೆ ಜನ ವಿಡಿಯೋದಲ್ಲಿರುವ ಮುಖವೇ ಚೆನ್ನಾಗಿದೆ ಎಂದರು. ಇದಕ್ಕೆ 'ಫ್ರೋಜನ್ ಫೇಸ್ ಎಫೆಕ್ಟ್' ಎನ್ನುತ್ತಾರೆ.

ಮಿದುಳಿನಲ್ಲಿ ಮುಖ ನೋಡುವ ಕೆಲಸ ಒಂದೇ ಜಾಗದಲ್ಲಿ ನಡೆಯುವುದಿಲ್ಲ. ಕೆಳಭಾಗದಲ್ಲಿ ಫ್ಯೂಸಿಫಾರ್ಮ್ ಫೇಸ್ ಏರಿಯಾ ಅಂತ ಇದೆ, 1997ರಲ್ಲಿ ನ್ಯಾನ್ಸಿ ಕ್ಯಾನ್ವಿಶರ್ ತಂಡ ಕೊಟ್ಟ ಹೆಸರು. ಈ ಮುಖ ಯಾರದ್ದು ಎಂದು ಗುರುತಿಸುವುದರಲ್ಲಿ ಅದರ ಪಾಲು ದೊಡ್ಡದು. ಕಿವಿಯ ಮೇಲ್ಭಾಗದ ಹತ್ತಿರ, ಪಕ್ಕದಲ್ಲಿ ಒಂದು ಉದ್ದನೆಯ ಸೀಳಿದೆ, ಸುಪೀರಿಯರ್ ಟೆಂಪೊರಲ್ ಸಲ್ಕಸ್. ಕಣ್ಣು ಎತ್ತ ಹೊರಳಿತು, ತುಟಿ ಹೇಗೆ ಅಲುಗಿತು ಅನ್ನುವುದಕ್ಕೆಲ್ಲ ಅದು ಸ್ಪಂದಿಸುತ್ತದೆ. 2011ರಲ್ಲಿ ಡೇವಿಡ್ ಪಿಚರ್ ಮತ್ತು ಜೊತೆಗಾರರು ಸ್ಕ್ಯಾನ್ ಮಾಡಿ ನೋಡಿದಾಗ ಬಲಗಡೆಯ ಈ ಸೀಳಿನ ಹಿಂಭಾಗ ನಿಂತ ಮುಖಕ್ಕಿಂತ ಚಲಿಸುವ ಮುಖಕ್ಕೆ ಸುಮಾರು 3 ಪಟ್ಟು ಜಾಸ್ತಿ ಸ್ಪಂದಿಸಿತು. ಫ್ಯೂಸಿಫಾರ್ಮ್‌ಗೆ ಎರಡೂ ಹೆಚ್ಚುಕಮ್ಮಿ ಒಂದೇ.

ಗಣಿತಮೇಷ್ಟ್ರು:
ವಿಡಿಯೋದಲ್ಲಿ ಚಿತ್ರಗಳೇ ಜಾಸ್ತಿ ಇರುತ್ತವೆ, ಮಾಹಿತಿ ಜಾಸ್ತಿ ಸಿಗುತ್ತದೆ, ಅಷ್ಟೇ ಅಲ್ವಾ? ಚಲನೆಗೇ ಏನೋ ವಿಶೇಷ ಶಕ್ತಿ ಇದೆ ಅನ್ನುವುದಕ್ಕೆ ಆಧಾರ ಬೇಕು.

ತುಂಗಾತೀರ:
ಮೇಷ್ಟ್ರೇ, ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. 2005ರಲ್ಲಿ ಅಂಬಾಡರ್, ಸ್ಕೂಲರ್, ಕೋನ್ ಎಂಬ ಮೂವರು ಇದನ್ನೇ ಬಿಡಿಸಿ ನೋಡಿದರು. ಕಂಡೂ ಕಾಣದ ಹಾಗೆ ಮೂಡುವ ಸಣ್ಣ ಭಾವಗಳನ್ನು ಆರಿಸಿಕೊಂಡರು. ವಿಡಿಯೋ ತೋರಿಸಿದರೆ ಜನ ಚೆನ್ನಾಗಿ ಗುರುತಿಸಿದರು. ಅವೇ ಚಿತ್ರಗಳ ನಡುವೆ ಕ್ಷಣಕಾಲ ಬೇರೊಂದು ಪರದೆ ತೋರಿಸಿ ಚಲನೆಯ ಅನುಭವವನ್ನು ಮುರಿದಾಗ, ಒಂದು ಚಿತ್ರವೂ ಕಮ್ಮಿ ಆಗದಿದ್ದರೂ, ಆ ಲಾಭ ಹೋಯಿತು. ಬರೀ ಮೊದಲನೆಯ ಮತ್ತು ಕೊನೆಯ ಚಿತ್ರವನ್ನು ಬೆನ್ನುಬೆನ್ನಿಗೆ ತೋರಿಸಿದರೂ ಸಾಕಾಯಿತು! ಅಂದರೆ ಮಿದುಳು ಹಿಡಿಯುವುದು ಬದಲಾವಣೆಯನ್ನು.

ನನಗೆ ಇದಕ್ಕಿಂತ ಇಷ್ಟವಾಗುವುದು ಎಚ್‌ಜೆಎ ಎಂಬ ರೋಗಿಯ ವಿಷಯ. ಪಾರ್ಶ್ವವಾಯು ಹೊಡೆದ ಮೇಲೆ ಅವರಿಗೆ ಮುಖಗಳ ಗುರುತು ಸಿಗುತ್ತಿರಲಿಲ್ಲ, ಫೋಟೋದಲ್ಲಿರುವವರು ನಗುತ್ತಿದ್ದಾರೋ ಬೇಸರದಲ್ಲಿದ್ದಾರೋ ಹೇಳಲೂ ಕಷ್ಟ. ಆದರೆ ಕತ್ತಲಲ್ಲಿ ಮುಖದ ಮೇಲಿನ ಬೆಳಕಿನ ಚುಕ್ಕಿಗಳಷ್ಟೇ ಅಲುಗಾಡುವುದನ್ನು ತೋರಿಸಿದರೆ ಭಾವ ಹೇಳುತ್ತಿದ್ದರು. 1993ರಲ್ಲಿ ಇದು ಪ್ರಕಟವಾಯಿತು. ಮುಖದ ಆಕಾರ ಓದುವ ದಾರಿ ಕೆಟ್ಟರೂ ಚಲನೆ ಓದುವ ದಾರಿ ಉಳಿದಿರಬಹುದು ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನಾನು ಓದಿಲ್ಲ.

ಹಳೇಬೇರು:
ಇದನ್ನು ಓದಿ ಒಂದು ಕೇಳಬೇಕು ಅನ್ನಿಸಿತು. ಅಪ್ಪನಿಗೆ ಪಾರ್ಕಿನ್ಸನ್ಸ್. ಮೊಮ್ಮಕ್ಕಳು ಬಂದರೂ ಮುಖದಲ್ಲಿ ಏನೂ ಕಾಣುವುದಿಲ್ಲ, ತಾತನಿಗೆ ನಾವು ಬಂದದ್ದು ಇಷ್ಟವಿಲ್ಲ ಅಂತ ಮಕ್ಕಳು ಅಂದುಕೊಳ್ಳುತ್ತವೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ದಾದಿಯಕ್ಕ:
ಖಂಡಿತ ಇದೆ. ಆ ಕಾಯಿಲೆಯಲ್ಲಿ ಮುಖದ ಸ್ನಾಯುಗಳ ಚಲನೆ ಕಮ್ಮಿಯಾಗುತ್ತದೆ, ನಿಧಾನವಾಗುತ್ತದೆ, ಕಣ್ಣು ಮಿಟುಕಿಸುವುದೂ ಕಮ್ಮಿ. ನೋಡುವವರ ಮಿದುಳು ಚಲನೆಗಾಗಿ ಕಾಯುತ್ತದೆ, ಅದು ಬರದಿದ್ದಾಗ ಇವರಿಗೆ ಆಸಕ್ತಿಯೇ ಇಲ್ಲ ಎಂದು ತೀರ್ಮಾನಿಸಿಬಿಡುತ್ತದೆ. ಒಳಗೆ ಅವರಿಗೆ ಬೇಕಾದಷ್ಟು ಖುಷಿ ಇರಬಹುದು. ಮಕ್ಕಳಿಗೆ ಇದನ್ನು ನೇರವಾಗಿ ಹೇಳಿ, ಅವರಿಗೆ ಅರ್ಥವಾಗುತ್ತದೆ. ತಾತನ ಮುಖ ನೋಡಿ ಊಹಿಸುವ ಬದಲು "ಖುಷಿ ಆಯ್ತಾ?" ಅಂತ ಬಾಯಿಬಿಟ್ಟು ಕೇಳಲಿ, ಉತ್ತರಕ್ಕೆ ಸ್ವಲ್ಪ ಕಾಯಲಿ. ಒಂದು ಮಾತು, ಈ ಕಾಯಿಲೆಯಲ್ಲಿ ಖಿನ್ನತೆಯೂ ಸಾಮಾನ್ಯ. ಹಾಗಾಗಿ ಊಟ, ನಿದ್ದೆ, ಮಾತಿನಲ್ಲೂ ಬದಲಾವಣೆ ಕಂಡರೆ ಮುಖದ ಕಾರಣ ಅಂತ ಸುಮ್ನೆ ಬಿಡಬೇಡಿ, ಅವರ ನರರೋಗ ವೈದ್ಯರಿಗೆ ಹೇಳಿ.